ಅಂಗಳದ ಅಂಚಿನಿಂದ: ಕೋಲು ಬಿದ್ದ ಸದ್ದು

ಹೋದ ತಿಂಗಳು ಇದೇ ಅಂಕಣದಲ್ಲಿ ಒಬ್ಬ ಓದುಗರಿಗೆ ಉತ್ತರಿಸುವಾಗ, ಶಾಲಾ ಬ್ಯಾಂಡಿನ ಮುಂದೆ ಕೋಲು ತಿರುಗಿಸುತ್ತ ನಡೆಯುವ ಹುಡುಗಿಯರಿಗೆ ಬ್ಯಾಟನ್ ಟ್ವರ್ಲಿಂಗ್ ಎಂಬ ಪ್ರತ್ಯೇಕ ಕ್ರೀಡೆಯೇ ಇದೆ ಎಂದು ಎರಡು ಸಾಲು ಬರೆದಿದ್ದೆ. ಆ ಎರಡು ಸಾಲಿಗೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಇಷ್ಟು ಪತ್ರಗಳು ಬರುತ್ತವೆ ಎಂದು ಎಣಿಸಿರಲಿಲ್ಲ. ಹಾಗಾಗಿ ಈ ಸಂಚಿಕೆಯಲ್ಲಿ ಮೊಣಕಾಲು ನೋವು, ಮಕ್ಕಳ ತೂಕ, ಬೆಳಗಿನ ಓಟ ಎಲ್ಲಕ್ಕೂ ರಜೆ.

ಬ್ಯಾಟನ್ ಎಂದೊಡನೆ ರಿಲೇ ಓಟದ ತುಂಡುಕೋಲು ನೆನಪಾಗುವವರಿಗೆ ಒಂದು ಮಾತು. ಇದು ಬೇರೆ. ಒಂದು ಸೆಂಟಿಮೀಟರ್ ಆಸುಪಾಸಿನ ದಪ್ಪದ ಲೋಹದ ಕೋಲು, ಎರಡು ತುದಿಗೂ ರಬ್ಬರ್, ಒಂದು ತುದಿಯ ಗುಂಡು ದೊಡ್ಡದು, ಇನ್ನೊಂದರದು ಚಿಕ್ಕದು. ಸಂಗೀತಕ್ಕೆ ಹೆಜ್ಜೆ ಹಾಕುತ್ತ ಅದನ್ನು ಬೆರಳುಗಳ ನಡುವೆ ತಿರುಗಿಸಬೇಕು, ಮೊಣಕೈ ಮತ್ತು ಕುತ್ತಿಗೆಯ ಮೇಲೆ ಉರುಳಿಸಬೇಕು, ಮೇಲಕ್ಕೆ ಎಸೆದು ಅದು ಇಳಿಯುವುದರೊಳಗೆ ಗಿರಕಿ ಹೊಡೆದು ಹಿಡಿಯಬೇಕು. ಮೊದಲ ವಿಶ್ವ ಚಾಂಪಿಯನ್‌ಷಿಪ್ 1980ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ನಡೆಯಿತು. 2023ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್, 2025ರಲ್ಲಿ ಇಟಲಿಯ ಟೂರಿನ್ ಅದಕ್ಕೆ ವೇದಿಕೆಯಾದವು.

ನಾನು ಮೂವತ್ತೊಂದು ವರ್ಷ ಹಾಸನ ಜಿಲ್ಲೆಯ ಶಾಲೆಗಳಲ್ಲಿ ಲೇಜಿಮ್, ಡಂಬೆಲ್ಸ್, ಕವಾಯತು ಕಲಿಸಿದವಳು. ಬ್ಯಾಟನ್ ಪರಿಚಯವಾದದ್ದು ನಿವೃತ್ತಿಯ ನಂತರ, 2017ರಲ್ಲಿ, ಒಹಾಯೊದಲ್ಲಿರುವ ಮಗಳ ಮನೆಗೆ ಹೋದಾಗ. ಐದು ತಿಂಗಳು ಮೊಮ್ಮಗಳ ತರಗತಿಯ ಹೊರಗೆ ಮಡಚುವ ಕುರ್ಚಿಯಲ್ಲಿ ಕುಳಿತೆ. ಕುಳಿತು ಬೇಸರವಾಗಿ ಕೋಲನ್ನೂ ಹಿಡಿದೆ. ನನ್ನ ಎಡಗಾಲಿನ ಹೆಬ್ಬೆರಳಿಗೆ ಅದು ಚೆನ್ನಾಗಿ ನೆನಪಿದೆ.

*

ನನ್ನ ಮಗಳಿಗೆ ಹನ್ನೊಂದು ವರ್ಷ. ಮನೆಯ ತಾರಸಿಯಲ್ಲಿ ಬ್ಯಾಟನ್ ಅನ್ನು ಎತ್ತರಕ್ಕೆ ಎಸೆದು, ಎರಡು ಸುತ್ತು ತಿರುಗಿ ಹಿಡಿಯುತ್ತಾಳೆ. ಸ್ಪರ್ಧೆಯ ದಿನ ಮಾತ್ರ ತಲೆಯ ಮೇಲೆ ಒಂದು ಮೊಳ ಎಸೆದರೆ ಹೆಚ್ಚು. ಕೇಳಿದರೆ ‘ಬೀಳಿಸದೆ ಮುಗಿಸಿದೆನಲ್ಲ ಅಮ್ಮ’ ಎನ್ನುತ್ತಾಳೆ. ಬಿದ್ದರೆ ಅಂಕ ಹೋಗುತ್ತದೆ ಎಂದು ಹೇಳಿಕೊಟ್ಟವಳು ನಾನೇ. ತಪ್ಪು ಮಾಡಿದೆನೇ?
— ಒಬ್ಬ ತಾಯಿ, ಹಾಸನ

ತಪ್ಪು ಹೇಳಿಲ್ಲ, ಅರ್ಧ ಹೇಳಿದ್ದೀರಿ. ಬಿದ್ದರೆ ಅಂಕ ಹೋಗುತ್ತದೆ, ಎರಡು ಕೈಯಲ್ಲಿ ಹಿಡಿದರೂ ಹೋಗುತ್ತದೆ. ಆದರೆ ಎಸೆಯದೇ ಇದ್ದರೆ ಆ ಅಂಕ ಬರುವುದೇ ಇಲ್ಲ.

ಉಳಿದರ್ಧ ಲೆಕ್ಕದ್ದು. ಕೈಯಿಂದ ಬಿಟ್ಟ ಕೋಲು ನಾಲ್ಕು ಅಡಿ ಮೇಲೆ ಹೋಗಿ ಅದೇ ಕೈಗೆ ಬರಲು ಒಂದು ಸೆಕೆಂಡ್ ಬೇಕು. ಎರಡು ಸೆಕೆಂಡ್ ಬೇಕೆಂದರೆ ಎಂಟು ಅಡಿ ಸಾಲದು, ಹದಿನಾರು ಅಡಿ ಎಸೆಯಬೇಕು. ಸಮಯ ಎರಡು ಪಟ್ಟಾಗಲು ಎತ್ತರ ನಾಲ್ಕು ಪಟ್ಟಾಗಬೇಕು. ನಿಮ್ಮ ಮಗಳು ತಾರಸಿಯಲ್ಲಿ ಹದಿನಾರು ಅಡಿ ಎಸೆದು ನಿಧಾನವಾಗಿ ಎರಡು ಸುತ್ತು ಹಾಕುತ್ತಾಳೆ ಎಂದುಕೊಳ್ಳಿ. ಅಂಗಳದಲ್ಲಿ ಹೆದರಿ ಎಂಟಡಿಗೆ ಇಳಿಸಿದರೆ ಒಂದೂವರೆ ಸೆಕೆಂಡೂ ಸಿಗುವುದಿಲ್ಲ. ಅಷ್ಟರಲ್ಲಿ ಎರಡು ಸುತ್ತು ಹಾಕಲು ಹೋದರೆ ಕಾಲು ತೊಡರುತ್ತದೆ, ಕೋಲು ಬೀಳುತ್ತದೆ. ನಾನು ಕಂಡ ಹಾಗೆ ಧೈರ್ಯದ ಎಸೆತಕ್ಕಿಂತ ಅಳುಕಿನ ಎಸೆತವೇ ಹೆಚ್ಚು ಸಲ ನೆಲಕ್ಕೆ ಬೀಳುತ್ತದೆ. ಈ ಲೆಕ್ಕವನ್ನು ಅವಳ ಮುಂದೆ ಕುಳಿತು ಕಾಗದದ ಮೇಲೆ ಮಾಡಿ ತೋರಿಸಿ. ಹನ್ನೊಂದು ವರ್ಷದ ಮಕ್ಕಳಿಗೆ ‘ಹೆದರಬೇಡ’ ಎಂಬ ಮಾತಿಗಿಂತ ಅಂಕಿ ಬೇಗ ಮನಸ್ಸಿಗೆ ಹೋಗುತ್ತದೆ.

ಇನ್ನೊಂದು ಕೆಲಸ. ಒಂದು ನೋಟ್‌ಬುಕ್ ಕೊಡಿಸಿ, ಪುಟದ ನಡುವೆ ಗೆರೆ ಎಳೆಸಿ. ಒಂದು ಕಡೆ ಪೂರ್ತಿ ಎತ್ತರಕ್ಕೆ ಎಷ್ಟು ಸಲ ಎಸೆದಳು, ಇನ್ನೊಂದು ಕಡೆ ಎಷ್ಟು ಹಿಡಿದಳು ಎಂದು ಅವಳೇ ಬರೆಯಲಿ. ಸಂಜೆ ನೀವು ಮೊದಲನೆಯದನ್ನು ಮಾತ್ರ ಕೇಳಿ. ಎರಡನೆಯದನ್ನು ಅವಳಾಗಿಯೇ ಹೇಳುತ್ತಾಳೆ, ಹೇಳದಿದ್ದರೆ ಬಿಡಿ. ಹತ್ತರಲ್ಲಿ ಒಂಬತ್ತು ಸಲ ಹಿಡಿಯುವ ಎಸೆತ ಸ್ಪರ್ಧೆಗೆ ಬರಲಿ; ಹತ್ತರಲ್ಲಿ ನಾಲ್ಕು ಹಿಡಿಯುವುದು ತಾರಸಿಯಲ್ಲೇ ಇರಲಿ. ಪೂರ್ಣ ಪ್ರಯತ್ನ ಎಂದರೆ ಗೊತ್ತಿಲ್ಲದ್ದನ್ನು ಹುಂಬತನದಿಂದ ಮಾಡುವುದಲ್ಲ, ಗೊತ್ತಿರುವುದನ್ನು ಬಚ್ಚಿಡದೆ ಮಾಡುವುದು.

ಕೊನೆಗೆ, ದಯವಿಟ್ಟು ಮುಂದಿನ ಸಾಲಿನಲ್ಲಿ ಕೂರಬೇಡಿ. ಜಿಲ್ಲಾ ಕ್ರೀಡಾಂಗಣದಲ್ಲಿ ಎಷ್ಟೋ ತಾಯಂದಿರನ್ನು ನೋಡಿದ್ದೇನೆ. ಮಗು ಆಡುತ್ತಿರುತ್ತದೆ, ತಾಯಿಯ ತುಟಿ ಒಂದು, ಎರಡು, ಮೂರು ಎಂದು ಎಣಿಸುತ್ತಿರುತ್ತದೆ. ಮಗು ನೋಡುವುದು ಆ ತುಟಿಯನ್ನು.

*

ಸ್ಪರ್ಧೆಯ ನಿಯಮದಂತೆ ಡಿಸೆಂಬರ್ 31ಕ್ಕೆ ಹನ್ನೆರಡು ವರ್ಷ ತುಂಬಿರಬಾರದು. ನನ್ನ ಮಗಳಿಗೆ ಡಿಸೆಂಬರ್ 5ಕ್ಕೆ ತುಂಬುತ್ತದೆ. ಒಂದು ತಿಂಗಳೂ ಇಲ್ಲದ ವ್ಯತ್ಯಾಸಕ್ಕೆ ಅವಳು ದೊಡ್ಡ ಹುಡುಗಿಯರ ಜೊತೆ ನಿಲ್ಲಬೇಕಾಗಿದೆ. ತರಬೇತಿ ಕೊಡುವವರು ‘ದಿನಾಂಕ ಸ್ವಲ್ಪ ಹೊಂದಿಸಿಕೊಳ್ಳೋಣ ಸಾರ್, ಎಲ್ಲರೂ ಮಾಡುತ್ತಾರೆ’ ಎನ್ನುತ್ತಾರೆ. ಮಗಳ ಶ್ರಮ ನೋಡಿದರೆ ಒಪ್ಪಿಬಿಡೋಣ ಎನಿಸುತ್ತದೆ.
— ಒಬ್ಬ ತಂದೆ, ಚನ್ನರಾಯಪಟ್ಟಣ

ಒಪ್ಪಬೇಡಿ. ಇದನ್ನು ಹೇಳುವ ಅರ್ಹತೆ ನನಗಿದೆಯೇ ಎಂಬುದನ್ನು ಕೆಳಗಿನದನ್ನು ಓದಿ ನೀವೇ ನಿರ್ಧರಿಸಿ.

1994. ತಾಲ್ಲೂಕು ಮಟ್ಟದ ಖೊ-ಖೊ, ಹದಿನಾಲ್ಕರ ಒಳಗಿನ ಬಾಲಕಿಯರು. ನನ್ನ ತಂಡದಲ್ಲಿ ಒಬ್ಬಳಿದ್ದಳು, ಜಿಂಕೆಯ ಹಾಗೆ ಓಡುವವಳು. ಅವಳಿಗೆ ಹದಿನೈದು ನಡೆಯುತ್ತಿತ್ತು. ನಾನು ನಮೂನೆಯಲ್ಲಿ ಅವಳ ತಂಗಿಯ ಜನ್ಮದಿನಾಂಕ ಬರೆದೆ. ಯಾರೂ ಹೇಳಿಕೊಟ್ಟಿರಲಿಲ್ಲ, ನನ್ನದೇ ಬುದ್ಧಿ. ಫೈನಲ್‌ನಲ್ಲಿ ಎದುರಿಗೆ ಒಂದು ಹೋಬಳಿ ಶಾಲೆ. ಸಣ್ಣ ಸಣ್ಣ ಹುಡುಗಿಯರು, ಅರ್ಧ ಜನಕ್ಕೆ ಬರಿಗಾಲು. ನಾವು ಗೆದ್ದೆವು.

ಪಂದ್ಯ ಮುಗಿದ ಮೇಲೆ ಆ ಶಾಲೆಯ ಶಿಕ್ಷಕಿ ಮಜ್ಜಿಗೆ ಲೋಟ ಹಿಡಿದುಕೊಂಡು ನಮ್ಮ ಕಡೆ ಬಂದರು. ದೂರು ಕೊಡಲು ಬಂದರೆಂದು ನನ್ನ ಎದೆ ಹೊಡೆದುಕೊಂಡಿತು. ಅವರು ಲೋಟವನ್ನು ಆ ಹುಡುಗಿಯ ಕೈಗಿತ್ತು, ‘ಚೆನ್ನಾಗಿ ಓಡುತ್ತೀಯಮ್ಮ. ಎಷ್ಟನೇ ತರಗತಿ?’ ಎಂದರು. ಹುಡುಗಿ ನನ್ನ ಮುಖ ನೋಡಿದಳು. ಆಮೇಲೆ ‘ಎಂಟು’ ಎಂದಳು. ಅವಳು ಹತ್ತನೇ ತರಗತಿಯಲ್ಲಿದ್ದಳು. ಆ ಶಿಕ್ಷಕಿ ತಲೆಯಾಡಿಸಿ ಹೋದರು. ಅವರಿಗೆ ಗೊತ್ತಾಗಿತ್ತು ಎಂಬುದರಲ್ಲಿ ನನಗೆ ಇಂದಿಗೂ ಅನುಮಾನವಿಲ್ಲ.

ಆ ಹುಡುಗಿಗೆ ಈಗ ಇಬ್ಬರು ಮಕ್ಕಳು, ಪಕ್ಕದ ಊರಿನಲ್ಲಿ ದಿನಸಿ ಅಂಗಡಿ ಇಟ್ಟಿದ್ದಾಳೆ. ಹೋದರೆ ಕಾಫಿ ಕೊಡದೆ ಕಳಿಸುವುದಿಲ್ಲ. ಶಾಲೆಯ ಪ್ರವಾಸ, ನನ್ನ ಸೀಟಿ, ನಾನು ಕೊಟ್ಟ ಏಟು ಎಲ್ಲವನ್ನೂ ನೆನೆಸಿಕೊಂಡು ನಗುತ್ತಾಳೆ. ಆ ಖೊ-ಖೊ ಗೆಲುವಿನ ಮಾತನ್ನು ಮಾತ್ರ ಇಷ್ಟು ವರ್ಷದಲ್ಲಿ ಅವಳೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಬ್ಯಾಟನ್ ನನಗೆ ಇಷ್ಟವಾಗುವುದು ಈ ಕಾರಣಕ್ಕೇ. ಕೋಲು ಬಿದ್ದರೆ ಟಣ್ ಎಂದು ಸದ್ದಾಗುತ್ತದೆ, ಹಿಂದಿನ ಸಾಲಿನವರಿಗೂ ಕೇಳುತ್ತದೆ. ಮುಚ್ಚಿಡಲು ಜಾಗವೇ ಇಲ್ಲ. ನಮೂನೆಯ ಮೇಲೆ 5ರ ಬದಲು ಬೇರೆ ಅಂಕಿ ಬಿದ್ದರೆ ಮಾತ್ರ ಯಾವ ಸದ್ದೂ ಆಗುವುದಿಲ್ಲ. ಕ್ರಿಕೆಟ್ ಮಂಡಳಿಯವರು ಕಿರಿಯರ ಎಡ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸು ನೋಡುತ್ತಾರಲ್ಲ, ಆ ಖರ್ಚಿಗೆ ಕಾರಣ ನನ್ನಂಥವರು.

ನಮ್ಮಲ್ಲಿ ಮಾತ್ರ ಹೀಗೆ ಎಂದು ಕೊರಗಬೇಡಿ. ಅಮೆರಿಕದಲ್ಲಿ ಈ ಆಟಕ್ಕೆ ವಯಸ್ಸಿನ ಜೊತೆ ಹಂತಗಳೂ ಇವೆ: ಹೊಸಬರು, ಆರಂಭಿಕ, ಮಧ್ಯಮ, ಉನ್ನತ ಎಂದು. ಕೆಳಗಿನ ಹಂತದಲ್ಲಿ ನಿಗದಿತ ಸಲ ಗೆದ್ದವರು ಮೇಲಿನ ಹಂತಕ್ಕೆ ಹೋಗಲೇಬೇಕು. ಅಲ್ಲೊಬ್ಬ ತಾಯಿ ಮಗಳ ಗೆಲುವಿನ ಲೆಕ್ಕ ತುಂಬದಂತೆ ಕೆಲವು ಸ್ಪರ್ಧೆಗಳನ್ನು ಉಪಾಯವಾಗಿ ತಪ್ಪಿಸುತ್ತಿದ್ದಳು, ದೊಡ್ಡ ಸ್ಪರ್ಧೆಗೆ ಕೆಳಹಂತದಲ್ಲೇ ನಿಲ್ಲಿಸಲು. ಮಡಚುವ ಕುರ್ಚಿಯ ಸಾಲಿನಲ್ಲಿ ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲ.

ನಿಮ್ಮ ಮಗಳು ಈ ವರ್ಷ ಮೇಲಿನ ವಿಭಾಗದಲ್ಲಿ ಎಲ್ಲರಿಗಿಂತ ಚಿಕ್ಕವಳಾಗಿ ನಿಲ್ಲಲಿ. ಬಹುಮಾನ ಬರಲಿಕ್ಕಿಲ್ಲ. ಆಟ ಮುಗಿದ ಮೇಲೆ ತೀರ್ಪುಗಾರರ ಬಳಿ ಹೋಗಿ, ಎಲ್ಲಿ ಅಂಕ ಹೋಯಿತು ಎಂದು ಅವಳೇ ಕೇಳಿ ಬರೆದುಕೊಳ್ಳಲಿ. ಇನ್ನು ಆ ತರಬೇತುದಾರರಿಗೆ ‘ದಿನಾಂಕ ಇದ್ದ ಹಾಗೇ ಇರಲಿ’ ಎಂದು ಮಗಳ ಎದುರಿಗೇ ಹೇಳಿ. ಅವಳಿಗೂ ಕೇಳಿಸಬೇಕಾದ ಮಾತು ಅದು.

*

ಮೇಡಂ, ನಾನು ಎಂಟನೇ ತರಗತಿ. ನಮ್ಮದು ಎಸ್ಟೇಟಿನ ಲೈನ್ ಮನೆ, ಹೆಂಚಿನ ಮಾಡು. ಜೂನ್ ಬಂತೆಂದರೆ ಹೊರಗೆ ಕಾಲಿಡಲು ಆಗುವುದಿಲ್ಲ. ನನ್ನ ಹತ್ತಿರ ಬ್ಯಾಟನ್ ಇಲ್ಲ, ಅಪ್ಪ ನೀರಿನ ಪೈಪ್ ಕತ್ತರಿಸಿ ಕೊಟ್ಟಿದ್ದಾರೆ, ಕೈ ನೋಯುತ್ತದೆ. ಪೇಟೆಯ ಹುಡುಗಿಯರಿಗೆ ಹಾಲ್ ಇದೆ, ಟೀಚರ್ ಇದ್ದಾರೆ. ನಾನು ಮೊಬೈಲ್ ನೋಡಿ ಕಲಿಯುತ್ತಿದ್ದೇನೆ. ನಾನು ಅವರ ಜೊತೆ ಸ್ಪರ್ಧೆಗೆ ಹೋಗಬಹುದೇ?
— ಒಬ್ಬ ವಿದ್ಯಾರ್ಥಿನಿ, ಮೂಡಿಗೆರೆ

ಹೋಗಬಹುದು ಪುಟ್ಟಿ, ಹೋಗಬೇಕು. ಮೊದಲು ಆ ಪೈಪ್ ಬಿಡು. ಅರ್ಧ ಇಂಚಿನ ನೀರಿನ ಪೈಪ್ ಎಂದರೂ ಅದರ ಹೊರಗಿನ ದಪ್ಪ ಎರಡು ಸೆಂಟಿಮೀಟರ್ ದಾಟುತ್ತದೆ. ಅದನ್ನು ಬೆರಳುಗಳ ನಡುವೆ ತಿರುಗಿಸಲು ಆಗುವುದಿಲ್ಲ, ಮಣಿಕಟ್ಟು ಹಾಳಾಗುತ್ತದೆ. ಗೇಟು, ಕಿಟಕಿ ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಸೆಂಟಿಮೀಟರ್ ದಪ್ಪದ, ಒಳಗೆ ಪೊಳ್ಳಾದ ಸ್ಟೀಲ್ ಕೊಳವೆಯ ತುಂಡು ಸಿಗುತ್ತದೆಯೇ ಎಂದು ಅಪ್ಪನಿಗೆ ಕೇಳಲು ಹೇಳು. ಉದ್ದ ನಿನ್ನ ಕಂಕುಳಿನಿಂದ ನಡುಬೆರಳಿನ ತುದಿಯವರೆಗೆ ಇರಲಿ. ತುದಿಗಳನ್ನು ಅರದಿಂದ ಚೆನ್ನಾಗಿ ಉಜ್ಜಿಸಬೇಕು, ಇಲ್ಲದಿದ್ದರೆ ಕೈ ಕೊಯ್ಯುತ್ತದೆ. ಅಜ್ಜಂದಿರ ಊರುಗೋಲಿನ ತುದಿಗೆ ಹಾಕುವ ರಬ್ಬರ್ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಅದರ ತೂತು ದೊಡ್ಡದು, ಆದ್ದರಿಂದ ಕೊಳವೆಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿ ಅದರ ಮೇಲೆ ರಬ್ಬರ್ ಕೂರಿಸು. ಒಂದು ತುದಿಗೆ ನಾಲ್ಕು ಸುತ್ತು ಹೆಚ್ಚು ಸುತ್ತು, ಆ ಕಡೆ ತುಸು ಭಾರವಾಗಬೇಕು. ಆಮೇಲೆ ಕೋಲನ್ನು ಒಂದು ಬೆರಳಿನ ಮೇಲೆ ಅಡ್ಡ ಇಟ್ಟು ತೂಗು. ಎಲ್ಲಿ ವಾಲದೆ ನಿಲ್ಲುತ್ತದೋ ಅಲ್ಲಿ ಬಣ್ಣದಿಂದ ಗೆರೆ ಹಾಕು. ಆ ಗೆರೆ ನಟ್ಟನಡುವೆ ಬರುವುದಿಲ್ಲ, ಭಾರದ ತುದಿಯ ಕಡೆಗೆ ಸ್ವಲ್ಪ ಸರಿದಿರುತ್ತದೆ. ತಿರುಗಿಸುವಾಗ ನಿನ್ನ ಹಿಡಿತ ಅಲ್ಲಿರಬೇಕು.

ಮಳೆಗಾಲದಲ್ಲಿ ಎಸೆಯುವುದು ಬೇಡ, ಹೆಂಚು ಒಡೆದರೆ ಮನೆಯೆಲ್ಲ ಸೋರುತ್ತದೆ. ಆದರೆ ಎಸೆತ ಈ ಆಟದ ಒಂದು ಭಾಗ ಮಾತ್ರ. ಬೆರಳಿನ ಕೆಲಸ, ಎಂಟರ ಆಕಾರದಲ್ಲಿ ತಿರುಗಿಸುವುದು, ತೋಳಿನ ಮೇಲೆ ಉರುಳಿಸುವುದು, ಇವಕ್ಕೆ ಆರಡಿ ಜಾಗ ಸಾಕು. ಕೆಳಗೆ ಕಂಬಳಿ ಹಾಸಿಕೊಂಡರೆ ಸದ್ದೂ ಇಲ್ಲ, ಪಕ್ಕದ ಮನೆಯವರ ಬೈಗುಳವೂ ಇಲ್ಲ. ಬಲಗೈಯಲ್ಲಿ ಮಾಡಿದ್ದನ್ನೆಲ್ಲ ಎಡಗೈಯಲ್ಲೂ ಮಾಡು. ಹಾಲ್ ಇರುವ ಹುಡುಗಿಯರು ಎಸೆಯುವ ಸಂಭ್ರಮದಲ್ಲಿ ಎಡಗೈಯನ್ನು ಮರೆಯುತ್ತಾರೆ. ಮೂರು ತಿಂಗಳ ಮಳೆ ನಿನಗೆ ಎಡಗೈ ಕೊಡಲಿ.

ಎಸೆಯಲು ನಿಮ್ಮಲ್ಲಿ ಹಾಲ್‌ಗಿಂತ ದೊಡ್ಡದು ಇದೆಯಲ್ಲ, ಕಾಫಿ ಕಣ! ಕೊಯ್ಲು ಮುಗಿದು, ಒಣಗಿದ ಕಾಫಿ ಚೀಲ ಸೇರಿದ ಮೇಲೆ, ಮಳೆ ಹಿಡಿಯುವವರೆಗೆ ಅದು ಖಾಲಿ ಬಿದ್ದಿರುತ್ತದೆ. ಮೇಲೆ ಆಕಾಶವೇ ಸೂರು. ಎಸ್ಟೇಟಿನ ಲೆಕ್ಕ ನೋಡುವ ರೈಟರ ಹತ್ತಿರ ಮೊದಲೇ ಕೇಳಿಕೊಂಡು, ಬಿಸಿಲು ಇಳಿದ ಮೇಲೆ ಸೂರ್ಯನಿಗೆ ಬೆನ್ನು ಮಾಡಿ ಎಸೆ.

ಪೇಟೆಯ ಹುಡುಗಿಯರಿಗೂ ನಿನಗೂ ಇರುವ ವ್ಯತ್ಯಾಸ ನಿಜ. ಇಲ್ಲ ಎಂದು ನಾನು ಸಮಾಧಾನ ಹೇಳುವುದಿಲ್ಲ. ಅವರು ಮೋಸ ಮಾಡಿ ಹಾಲ್ ಪಡೆದದ್ದಲ್ಲ, ಹಾಗೆಂದು ಅದು ನ್ಯಾಯ ಎಂದೂ ಅಲ್ಲ. ನಿಮ್ಮ ಶಾಲೆಯ ಜಗಲಿಯಲ್ಲಿ ಸಂಜೆ ಒಂದು ಗಂಟೆ ಅಭ್ಯಾಸಕ್ಕೆ ಅನುಮತಿ ಕೇಳು. ಮುಖ್ಯೋಪಾಧ್ಯಾಯರಿಗೆ ನಾನೂ ಒಂದು ಪತ್ರ ಬರೆಯುತ್ತೇನೆ, ಶಾಲೆಯ ವಿಳಾಸವನ್ನು ಪತ್ರಿಕೆಯ ಕಚೇರಿಗೆ ಕಳಿಸು.

*

ನಾನು ಆರು ತಿಂಗಳು ಕಷ್ಟಪಟ್ಟು ಜೋಡಿಸಿದ ವರಸೆಯನ್ನು ನನ್ನ ತರಗತಿಯವಳೇ ನೋಡಿಕೊಂಡು, ಅದೇ ಹಾಡಿಗೆ, ಅದೇ ಕ್ರಮದಲ್ಲಿ ಮಾಡಿ ಮೊದಲ ಬಹುಮಾನ ತೆಗೆದುಕೊಂಡಳು. ಇದು ಕಳ್ಳತನ ಅಲ್ಲವೇ ಮೇಡಂ? (ನಾನು ಎರಡು ಸಲ ಬೀಳಿಸಿದೆ.)
— ಹದಿನಾಲ್ಕರ ಹುಡುಗಿ, ಚಿಕ್ಕಮಗಳೂರು

ಆವರಣದಲ್ಲಿ ಬರೆದದ್ದನ್ನೇ ನಾನು ಮೊದಲು ಓದಿದೆ. ಅದನ್ನು ಬರೆಯದೆ ಬಿಡಬಹುದಿತ್ತು, ಬಿಡಲಿಲ್ಲ. ನಿನ್ನ ಮೇಲೆ ನನಗೆ ಗೌರವ ಬಂತು.

ಮೊಣಕೈ ಉರುಳು, ಗಿರಕಿ ಎಸೆತ, ಎಂಟರ ತಿರುಗು, ಇವು ಯಾರ ಸ್ವತ್ತೂ ಅಲ್ಲ. ನೀನೂ ಯಾರನ್ನೋ ನೋಡಿಯೇ ಕಲಿತಿರುತ್ತೀಯ. ಆದರೆ ಯಾವುದರ ನಂತರ ಯಾವುದು, ಹಾಡಿನ ಯಾವ ತಾಳಕ್ಕೆ ಯಾವ ಎಸೆತ ಎಂಬ ಜೋಡಣೆ ನಿನ್ನದು. ಅದನ್ನು ಇದ್ದ ಹಾಗೇ ಎತ್ತಿಕೊಂಡು ತನ್ನದೆಂದು ಮಾಡುವುದು ಸರಿಯಲ್ಲ. ಅವಳಿಗೆ ನೇರವಾಗಿ ಹೇಳು, ಗುಂಪಿನಲ್ಲಲ್ಲ, ಒಬ್ಬಳೇ ಇದ್ದಾಗ. ಆದರೆ ಅವಳು ಬೀಳಿಸಲಿಲ್ಲ, ನೀನು ಬೀಳಿಸಿದೆ. ಅಷ್ಟರ ಮಟ್ಟಿಗೆ ಬಹುಮಾನ ಅವಳ ಕೈಯ ಗಳಿಕೆ.

ರಜೆಯಲ್ಲಿ ಬೇಲೂರಿಗೆ ಹೋಗು. ಹೋಗಿಯೇ ಇರುತ್ತೀಯ, ಆದರೆ ಈ ಸಲ ಶಿಲಾಬಾಲಿಕೆಯರ ಮುಖ ಬಿಟ್ಟು ಪಾದದ ಬಳಿ ನೋಡು. ಅಲ್ಲಲ್ಲಿ ಅಕ್ಷರಗಳಿವೆ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ, ಹೀಗೆ ಕೆತ್ತಿದವರು ಹೆಸರು ಬರೆದಿದ್ದಾರೆ, ಕೆಲವರು ಎದುರಾಳಿ ಶಿಲ್ಪಿಗಳಿಗೆ ತಾವು ಎಂಥವರೆಂದು ಬಿರುದನ್ನೂ ಹಾಕಿಕೊಂಡಿದ್ದಾರೆ. ಒಂಬೈನೂರು ವರ್ಷದ ಹಿಂದಿನ ಜಂಬ! ಪಕ್ಕದಲ್ಲೇ ಕೆತ್ತುತ್ತಿದ್ದವನ ಕೆಲಸ ಎಲ್ಲರಿಗೂ ಕಾಣುತ್ತಿತ್ತು, ಕಲ್ಲು ಒಂದೇ, ಉಳಿ ಒಂದೇ, ಒಡವೆಯೂ ಹೆಚ್ಚುಕಡಿಮೆ ಒಂದೇ. ಆದರೂ ಒಬ್ಬಳ ನಿಲುವು ಇನ್ನೊಬ್ಬಳಿಗಿಲ್ಲ. ಅದನ್ನು ನೋಡಿ ಬಂದು ಹೊಸ ವರಸೆ ಜೋಡಿಸು. ಈ ಸಲ ನಿನ್ನ ಗೆಳತಿಗೆ ಕಷ್ಟವಾಗುವಂಥದ್ದನ್ನಲ್ಲ, ನಿನಗೆ ಒಗ್ಗುವಂಥದ್ದನ್ನು ಹಾಕು.

*

ಅಂತರಶಾಲಾ ಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದಾರೆ. ಸ್ಪರ್ಧಿಗಳಲ್ಲಿ ನಾನೇ ಕಲಿಸಿದ ಇಬ್ಬರಿದ್ದಾರೆ. ನಿಷ್ಪಕ್ಷಪಾತವಾಗಿ ಅಂಕ ಕೊಡುತ್ತೇನೆಂಬ ವಿಶ್ವಾಸ ನನಗಿದೆ.
— ಒಬ್ಬ ಶಿಕ್ಷಕ, ಕಡೂರು

ನಿಮಗಿದೆ ಸ್ವಾಮಿ, ಮೂರನೆಯ ಹುಡುಗಿಯ ತಾಯಿಗೆ ಇರಬೇಕಲ್ಲ. ಆ ವಿಭಾಗಕ್ಕೆ ಬೇರೆಯವರನ್ನು ಕೂರಿಸಲು ಇವತ್ತೇ ಹೇಳಿ. ಸ್ಪರ್ಧೆಯ ಬೆಳಿಗ್ಗೆ ಹೇಳಿದರೆ ಸಂಘಟಕರು ‘ಪರವಾಗಿಲ್ಲ ಬಿಡಿ ಸಾರ್’ ಎನ್ನುತ್ತಾರೆ, ನೀವೂ ಬಿಟ್ಟುಬಿಡುತ್ತೀರಿ. ಹೆಚ್ಚು ಅಂಕ ಕೊಡುವುದು ಮಾತ್ರವೇ ಪಕ್ಷಪಾತವಲ್ಲ. ಹೆಸರು ಕೆಡುತ್ತದೆಂದು ಹೆದರಿ ಸ್ವಂತ ಶಿಷ್ಯೆಗೆ ಎರಡು ಅಂಕ ಕಡಿಮೆ ಕೊಟ್ಟವರನ್ನೂ ನಾನು ಬಲ್ಲೆ.

*

ನಾನು ಹುಡುಗ. ಬ್ಯಾಟನ್ ತಿರುಗಿಸುತ್ತೇನೆಂದು ಗೆಳೆಯರು ನಗುತ್ತಾರೆ.
— ಒಂಬತ್ತನೇ ತರಗತಿ, ಅರಸೀಕೆರೆ

ಸೇನೆಯ ಬ್ಯಾಂಡಿನ ಮುಂದೆ ಭಾರದ ಕೋಲು ತಿರುಗಿಸುತ್ತ ನಡೆಯುವ ಡ್ರಮ್ ಮೇಜರ್‌ನನ್ನು ಗಣರಾಜ್ಯೋತ್ಸವದ ಪೆರೇಡಿನಲ್ಲಿ ಅವರಿಗೆ ತೋರಿಸು. ಈ ಆಟ ಹುಟ್ಟಿದ್ದು ಆ ಕೋಲಿನಿಂದ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪುರುಷರಿಗೆ ಪ್ರತ್ಯೇಕ ವಿಭಾಗವೇ ಇದೆ. ಆಮೇಲೆ ನಗುವವರಲ್ಲಿ ಒಬ್ಬನ ಕೈಗೆ ಕೋಲು ಕೊಟ್ಟು ಹತ್ತು ಸುತ್ತು ತಿರುಗಿಸು ಎನ್ನು. ಅವನ ಕಾಲಿಗೆ ಶೂ ಇರಲಿ.

*

ನಮಗೆ ಕೋಲಾಟ ಇರುವಾಗ ಈ ವಿದೇಶಿ ಕಸರತ್ತು ಏಕೆ?
— ಹಿರಿಯ ಓದುಗರು, ತರೀಕೆರೆ

ಕೋಲಾಟ ಆಡುವ ಮಕ್ಕಳಿಗೆ ತಾಳ ಆಗಲೇ ಕೈಯಲ್ಲಿರುತ್ತದೆ, ಬ್ಯಾಟನ್ ಬೇಗ ಬರುತ್ತದೆ. ಎರಡನ್ನೂ ಕಲಿಸಿ. ತಾವು ಮೊಮ್ಮಕ್ಕಳ ಜೊತೆ ಕೊನೆಯ ಸಲ ಕೋಲಾಟ ಆಡಿದ್ದು ಯಾವಾಗ ಎಂದು ನಾನು ಕೇಳುವುದಿಲ್ಲ.

*

ಆಗಸ್ಟ್ 15ರಂದು ಊರಿನವರೆಲ್ಲರ ಎದುರು ನನ್ನ ಮೊಮ್ಮಗಳು ಮೂರು ಸಲ ಕೋಲು ಬೀಳಿಸಿದಳು. ಮೂರನೆಯ ಸಲ ಎತ್ತಿಕೊಳ್ಳದೆ ಅಳುತ್ತ ಓಡಿ ಬಂದಳು. ಕೋಲು ಈಗ ಬೀರುವಿನ ಮೇಲಿದೆ. ಮಾತನಾಡಿಸಿದರೆ ಮುಖ ತಿರುಗಿಸುತ್ತಾಳೆ. ಒಂಬತ್ತು ವರ್ಷದ ಮಗು.
— ಅಜ್ಜಿ, ಸಕಲೇಶಪುರ

ಅಕ್ಕಾ, ನಾವಿಬ್ಬರೂ ಒಂದೇ ಕುರ್ಚಿಯಲ್ಲಿ ಕುಳಿತವರು. ಒಹಾಯೊದಲ್ಲಿ ನನ್ನ ಮೊಮ್ಮಗಳ ಮೊದಲ ಸ್ಪರ್ಧೆಯಲ್ಲಿ ಕೋಲು ಕೈತಪ್ಪಿ ಉರುಳುತ್ತ ಉರುಳುತ್ತ ತೀರ್ಪುಗಾರರ ಮೇಜಿನ ಕೆಳಗೆ ಹೋಯಿತು. ಹಾಡು ನಡೆಯುತ್ತಲೇ ಇತ್ತು. ಅವಳು ಮಂಡಿಯೂರಿ ಮೇಜಿನಡಿ ತೂರಿದಳು, ತೀರ್ಪುಗಾರರು ಕಾಲು ಮೇಲೆತ್ತಿಕೊಂಡರು. ಕೋಲು ಹಿಡಿದು ಹೊರಬಂದವಳು ಮೊದಲಿನಿಂದ ಆರಂಭಿಸಲಿಲ್ಲ, ಹಾಡು ಅಷ್ಟರಲ್ಲಿ ಎಲ್ಲಿಗೆ ತಲುಪಿತ್ತೋ ಅಲ್ಲಿಂದ ಸೇರಿಕೊಂಡಳು. ಕೊನೆಗೆ ನಿಯಮದಂತೆ ಸಲ್ಯೂಟ್ ಕೊಟ್ಟು ಬಂದಳು. ಕೊನೆಯ ಸ್ಥಾನ ಬಂತು. ಕಾರಿನಲ್ಲಿ ಅತ್ತಳು ಕೂಡ, ಅರ್ಧ ಗಂಟೆ ಅತ್ತಳು. ಯಾರೂ ಸುಮ್ಮನಿರು ಎನ್ನಲಿಲ್ಲ. ಬಿದ್ದ ಕೋಲನ್ನು ಎತ್ತಿಕೊಂಡು ಎಲ್ಲಿಂದ ಸೇರಿಕೊಳ್ಳಬೇಕು ಎಂಬುದನ್ನೂ ಅವರ ತರಗತಿಯಲ್ಲಿ ಅಭ್ಯಾಸ ಮಾಡಿಸುತ್ತಾರೆಂದು ನನಗೆ ಆಮೇಲೆ ತಿಳಿಯಿತು. ಬೇಕೆಂದೇ ಬೀಳಿಸಿ, ಎತ್ತಿ, ಸೇರಿಕೊಳ್ಳುವ ಅಭ್ಯಾಸ. ನಿಮ್ಮ ಮಗುವಿಗೆ ಅದನ್ನು ಯಾರೂ ಕಲಿಸಿರಲಿಕ್ಕಿಲ್ಲ. ಅವಳಿಗೆ ಗೊತ್ತಿಲ್ಲದ ಪಾಠದಲ್ಲಿ ಅವಳು ತಪ್ಪಿದ್ದಾಳೆ, ಅಷ್ಟೇ.

ಅವಳ ಹತ್ತಿರ ಈಗ ಏನೂ ಮಾತನಾಡಬೇಡಿ. ಬೀರುವಿನ ಮೇಲಿನ ಕೋಲನ್ನು ನೀವೇ ಇಳಿಸಿಕೊಂಡು ಊಟದ ಮೇಜಿನ ಮೇಲೆ ನಿಧಾನವಾಗಿ ಉರುಳಿಸಿ ನೋಡಿ. ಮೂರು ಸಲ ಸಿಮೆಂಟಿಗೆ ಬಿದ್ದ ಕೋಲು ಬಾಗಿರಬಹುದು. ಬಾಗಿದ್ದರೆ ಸರಾಗವಾಗಿ ಉರುಳದೆ ಕುಂಟುತ್ತದೆ, ತಿರುಗಿಸುವಾಗ ಕೈ ಕೊಡುತ್ತದೆ. ರಬ್ಬರ್ ಸಡಿಲವಾಗಿದೆಯೇ ಎಂದೂ ಎಳೆದು ನೋಡಿ. ನೀವು ಉರುಳಿಸುವ ಸದ್ದಿಗೆ ಅವಳು ಒಳಗಿನಿಂದ ಬರುತ್ತಾಳೆ. ಬಂದರೆ, ಬಾಗಿದೆಯೋ ಇಲ್ಲವೋ ನನಗೆ ಕಣ್ಣು ಕಾಣುವುದಿಲ್ಲ, ಸ್ವಲ್ಪ ನೋಡಿ ಹೇಳು ಎಂದು ಕೋಲನ್ನು ಅವಳ ಕೈಗೆ ಕೊಡಿ.